ಬೌನ್ಸರ್ ಅಳೆದ ದಿನ

ತನ್ನ ಬೌಲಿಂಗ್ ಮೇಲೆ ಅಂಪೈರುಗಳು ವರದಿ ಕೊಟ್ಟಿದ್ದಾರೆಂದು ಅವನು ಫೋನ್ ಮಾಡಿ ಹೇಳಿದಾಗ ನಾನು ಕಚೇರಿಯ ಕ್ಯಾಂಟೀನಿನಲ್ಲಿದ್ದೆ.

"ಸರ್, ನನ್ನದು ಬೌಲಿಂಗ್ ಅಲ್ಲವಂತೆ, ಕಲ್ಲು ಬಿಸಾಡುದಂತೆ," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಇನ್ನು ಎಂತ ಮಾಡುದು?"

ಅವನು ಕಾಸರಗೋಡಿನವನು. ಕೊಚ್ಚಿ ಪಕ್ಕದ ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದ. ಕೊಚ್ಚಿಯ ಒಂದು ಕ್ಲಬ್ಬಿಗೆ ವೇಗದ ಬೌಲಿಂಗ್ ಮಾಡುತ್ತಿದ್ದ. ರಾಜ್ಯ ತಂಡದ ಶಿಬಿರಕ್ಕೆ ಆಯ್ಕೆ ಮಾಡುವ ಪಂದ್ಯಗಳಲ್ಲಿ ಅವನು ತಲೆಯೆತ್ತರಕ್ಕೆ ಏಳುವ ಬೌನ್ಸರ್ ಹಾಕುವಾಗ ಮೊಣಕೈ ಮಡಚಿ ನೇರವಾಗುತ್ತಿದೆ ಎಂದು ಇಬ್ಬರು ಅಂಪೈರುಗಳೂ ಬರೆದಿದ್ದರು. ನಿಯಮ ಹೀಗಿದೆ: ಕೈ ಭುಜದ ಮಟ್ಟಕ್ಕೆ ಬಂದಲ್ಲಿಂದ ಚೆಂಡು ಬಿಡುವವರೆಗೆ ಮೊಣಕೈ ಹದಿನೈದು ಡಿಗ್ರಿಗಿಂತ ಹೆಚ್ಚು ನೇರವಾಗಬಾರದು. ಬಗ್ಗಿದ ಕೈ ಬಗ್ಗಿದಂತೆಯೇ ಬಂದರೆ ತಪ್ಪಿಲ್ಲ. ಬಗ್ಗಿದ್ದು ನೆಟ್ಟಗಾದರೆ ಅದು ಎಸೆತವಲ್ಲ, ತೂರಾಟ. ತಿರುವನಂತಪುರದ ಒಂದು ಲ್ಯಾಬಿನಲ್ಲಿ ಪರೀಕ್ಷೆ. ಪಾಸಾದರೆ ಶಿಬಿರದಲ್ಲಿ ಅವನ ಜಾಗ ಹಾಗೇ ಇರುತ್ತದೆ, ಇಲ್ಲವಾದರೆ ಇಲ್ಲ.

ಆ ಜಾಗದ ಬೆಲೆ ನನಗೆ ಗೊತ್ತಿತ್ತು. ಅವನ ಅಪ್ರೆಂಟಿಸ್ ಅವಧಿ ಆ ವರ್ಷ ಮುಗಿಯುವುದರಲ್ಲಿತ್ತು. ರಾಜ್ಯಕ್ಕೆ ಒಂದು ಸಲ ಆಡಿದರೆ ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸದ ಆಸೆ ಇಟ್ಟುಕೊಳ್ಳಬಹುದು. ನಾನು ಅದೇ ದಾರಿಯಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದವನು. ವೇಗದ ಬೌಲರ್ ಆಗಿದ್ದೆ. ಬೆನ್ನುಮೂಳೆಯ ಕೆಳಭಾಗದ ಬಿರುಕು ಎರಡನೇ ಸಲ ಕಾಣಿಸಿಕೊಂಡಾಗ ನಿಲ್ಲಿಸಿದೆ. ಕಚೇರಿ ಉಳಿಯಿತು, ಕೊಚ್ಚಿ ಉಳಿಯಿತು, ಪೂರ್ತಿ ಮಡಚಲಾಗದ ಒಂದು ಎಡ ಮೊಣಕಾಲು ಉಳಿಯಿತು. ಭಾನುವಾರಗಳಲ್ಲಿ ಕಳಮಶ್ಶೇರಿಯ ಒಂದು ಮೈದಾನದ ನೆಟ್‌ನಲ್ಲಿ ಬೌಲರುಗಳನ್ನು ನೋಡಿಕೊಳ್ಳುತ್ತೇನೆ.

ಅಲ್ಲಿಯೇ ಅವನು ಸಿಕ್ಕಿದ್ದು. ಮೊದಲ ದಿನ ಅವನ ಓಟ ನೋಡುತ್ತ, ಯಾರಿಗೂ ಅರ್ಥವಾಗದೆಂಬ ಧೈರ್ಯದಲ್ಲಿ, "ಕಾಲ ಎಲ್ಲಿ ಇಡಾಕತ್ತಾನ ಇಂವಾ," ಎಂದು ಗೊಣಗಿದ್ದೆ. ಅವನು ಓಟ ನಿಲ್ಲಿಸಿ ತಿರುಗಿದ. "ಎಂತ ಸರ್, ನೀವು ಕನ್ನಡವಾ?"

ನನ್ನ ಮನೆಯಲ್ಲಿ ಮಲಯಾಳ. ಹೆಂಡತಿ ಇಲ್ಲಿಯವಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಲಯಾಳದಲ್ಲಿ ಬರುತ್ತದೆ. ಕಚೇರಿಯಲ್ಲಿ ಇಂಗ್ಲಿಷ್. ತಾಯಿ ಹೋದ ಮೇಲೆ ಫೋನಿನಲ್ಲೂ ಕನ್ನಡ ಕಡಿಮೆಯಾಗಿತ್ತು. ಆ ಹುಡುಗ ಬಂದ ಮೇಲೆ ವಾರಕ್ಕೊಂದು ಬೆಳಿಗ್ಗೆ ಮಾತಾಡಲು ಸಿಗುತ್ತಿತ್ತು.

"ನಿಮ್ಮ ಕನ್ನಡ ಕೇಳಿದರೆ ಬೈದ ಹಾಗೇ ಆಗ್ತದೆ ಸರ್," ಎನ್ನುತ್ತಿದ್ದ.

"ನಿಂದು ಹಾಡಿದಂಗ ಕೇಳತೈತಿ. ಅದಕ್ಕ ಬ್ಯಾಟ್ಸ್‌ಮನ್ನುಗಳು ನಿನಗ ಅಂಜಂಗಿಲ್ಲ."

"ಅವರಿಗೆ ನಾನು ಮಲಯಾಳದಲ್ಲಿ ಬೈಯುದು. ಕನ್ನಡ ನಿಮಗೆ ಮಾತ್ರ ಇಟ್ಟಿದ್ದೇನೆ."

ವರದಿ ಬಂದ ಮರು ಭಾನುವಾರವೇ ಕೆಲಸ ಶುರುಮಾಡಿದೆವು. ಎರಡು ಮೊಬೈಲ್ ಫೋನುಗಳನ್ನು ಕಂಬಕ್ಕೆ ಕಟ್ಟಿ ಒಂದನ್ನು ಪಕ್ಕದಿಂದ, ಇನ್ನೊಂದನ್ನು ಹಿಂದಿನಿಂದ ಇಟ್ಟು ವಿಡಿಯೋ ತೆಗೆದು, ನಿಧಾನವಾಗಿ ಓಡಿಸಿ ನೋಡಿದೆವು. ಮಾಮೂಲಿ ಎಸೆತದಲ್ಲಿ ತೊಂದರೆಯಿರಲಿಲ್ಲ. ಬೌನ್ಸರ್‌ನಲ್ಲಿ ಮಾತ್ರ ಅವನ ಎಡಗೈ, ಚೆಂಡಿಲ್ಲದ ಕೈ, ಬೇಗನೆ ಕೆಳಗೆ ಬೀಳುತ್ತಿತ್ತು. ಎಡಗೈ ಬಿದ್ದರೆ ತಲೆ ಎಡಕ್ಕೆ ವಾಲುತ್ತದೆ, ತಲೆ ವಾಲಿದರೆ ಸೊಂಟದಿಂದ ಬರಬೇಕಾದ ಶಕ್ತಿ ಮೇಲಕ್ಕೆ ಬರುವುದಿಲ್ಲ. ಆಗ ಕಡಿಮೆಬಿದ್ದ ವೇಗವನ್ನು ಮೊಣಕೈ ತುಂಬಿಕೊಡುತ್ತದೆ. ಅವನು ಬೇಕೆಂದು ಮಾಡುತ್ತಿರಲಿಲ್ಲ. ದೇಹಕ್ಕೆ ಚೆಂಡು ಎತ್ತರಕ್ಕೆ ಏಳಬೇಕಿತ್ತು. ಅದಕ್ಕೊಂದು ದಾರಿ ಹುಡುಕಿಕೊಂಡಿತ್ತು.

ಆದ್ದರಿಂದ ಮೊಣಕೈಯನ್ನು ಬಿಟ್ಟು ಎಡಗೈಯನ್ನು ಹಿಡಿದೆವು. ಮೊದಲು ನಿಂತಲ್ಲಿಂದಲೇ ಚೆಂಡು ಬಿಡುವುದು, ಆಮೇಲೆ ನಡೆದು ಬಂದು. ಫಿಸಿಯೋ ಒಬ್ಬರು ಮೊಣಕೈಗೆ ಹಗುರ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಟ್ಟರು. ಕೈ ನೇರವಾದರೆ ಅದು ಚರ್ಮಕ್ಕೆ ಒತ್ತುತ್ತಿತ್ತು. ಅವನ ತೋಳಿನಲ್ಲಿ ಕೆಂಪು ಗೆರೆ ಮೂಡಿ ಮಾಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಯಾರೋ ಸುಟ್ಟ ಗಾಯವೆಂದುಕೊಂಡು ಸುರಕ್ಷತಾ ಅಧಿಕಾರಿಯ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಅದನ್ನು ಹೇಳಿ ಒಂದಿಡೀ ಬೆಳಿಗ್ಗೆ ನಕ್ಕ.

ಅಷ್ಟರಲ್ಲಿ ಮಳೆ ಹಿಡಿಯಿತು. ಮೈದಾನ ಕೆಸರಾಯಿತು. ಕ್ಲಬ್ಬಿನ ಒಳಾಂಗಣ ಹಾಲ್‌ಗೆ ಹೋದೆವು. ಅಲ್ಲಿ ಅವನ ಪೂರ್ತಿ ಓಟಕ್ಕೆ ಜಾಗವಿಲ್ಲ. ಅರ್ಧ ಓಟದಲ್ಲಿ ಹಾಕುತ್ತಿದ್ದ. ವಾರ ವಾರಕ್ಕೂ ವಿಡಿಯೋದಲ್ಲಿ ಅವನ ಕೈ ಸುಧಾರಿಸುತ್ತ ಹೋಯಿತು. ಎಡಗೈ ಮೇಲೇ ನಿಂತಿತು, ತಲೆ ನೆಟ್ಟಗಾಯಿತು, ಬೌನ್ಸರ್‌ನಲ್ಲೂ ಮೊಣಕೈ ಬಂದಂತೆಯೇ ಹೋಗುತ್ತಿತ್ತು. ಪಟ್ಟಿ ಬಿಚ್ಚಿ ಹಾಕಿಸಿದೆ. ಆಗಲೂ ಹಾಗೇ ಇತ್ತು. "ಪಾಸಾದೀಪಾ," ಎಂದುಬಿಟ್ಟೆ. ನಾನು ಹಾಗೆ ಹೇಳಬಾರದಿತ್ತು. ಅರ್ಧ ಓಟದಲ್ಲಿ ದೇಹ ಏನನ್ನೂ ಕದಿಯಬೇಕಾಗಿಲ್ಲ. ಇಷ್ಟು ವರ್ಷ ಓಡಿ ಬಂದವನಿಗೆ ಅದು ಗೊತ್ತಿರಬೇಕಿತ್ತು.

ಪರೀಕ್ಷೆಗೆ ಮುಂಚಿನ ಭಾನುವಾರ ಬಿಸಿಲು ಬಂತು. ಹೊರಗೆ, ಪೂರ್ತಿ ಓಟ. ಮೊದಲ ಕೆಲವು ಎಸೆತ ಚೆನ್ನಾಗಿದ್ದವು. ಆಮೇಲೆ ಒಬ್ಬ ಬ್ಯಾಟ್ಸ್‌ಮನ್ ಮುಂದೆ ಬಂದು ಅವನ ಚೆಂಡನ್ನು ನೇರ ಬಾರಿಸಿದ. "ಇದಾಣೋ ಸ್ಪೀಡ್?" ಇದೇನಾ ವೇಗ, ಎಂದು ಚುಚ್ಚಿದ. ಮುಂದಿನದು ಬೌನ್ಸರ್. ಚೆಂಡು ಬಿಡುವಾಗ ಅವನ ಎದೆಯಿಂದ "ಹುಂ" ಎಂಬ ಸದ್ದು ಬಂತು. ಚೆಂಡು ಬ್ಯಾಟ್ಸ್‌ಮನ್ನನ ಹೆಲ್ಮೆಟ್ ಸವರಿ ಹೋಯಿತು. ಸುತ್ತಲಿದ್ದವರು ಕೂಗಿದರು. ನಾನು ಫೋನ್ ಬಿಚ್ಚಿ ನೋಡಿದೆ. ಎಡಗೈ ಬಿದ್ದಿತ್ತು. ಮೊಣಕೈ ತೆರೆದುಕೊಂಡಿತ್ತು.

ಅವನಿಗೆ ತೋರಿಸಿದೆ. "ಫೋನಿಟ್ಟ ಕೋನ ಸರಿ ಇಲ್ಲ ಸರ್," ಎಂದ. ಇನ್ನೊಂದು ಸಲ ತೋರಿಸಿದೆ. ಫೋನನ್ನು ನನ್ನ ಕೈಗೆ ಕೊಟ್ಟು ಬೆಂಚಿನ ಮೇಲೆ ಹೋಗಿ ಕುಳಿತ.

ಪರೀಕ್ಷೆ ಮುಂದೆ ಹಾಕಲು ರಾಜ್ಯ ಕ್ರಿಕೆಟ್ ಸಂಸ್ಥೆಗೆ ಫೋನ್ ಮಾಡಿದೆ. ಮುಂದಕ್ಕೆ ಹೋದರೆ ಶಿಬಿರದ ಪಟ್ಟಿ ಮುಚ್ಚುತ್ತದೆ ಎಂದರು. ಬೆಂಚಿನ ಮೇಲೆ ಅವನ ಪಕ್ಕ ಕುಳಿತು ನನಗೆ ತಿಳಿದದ್ದನ್ನು ಹೇಳಿದೆ. "ಲ್ಯಾಬಿನ್ಯಾಗ ಪೂರ್ತಿ ಜೋರಿನಿಂದ ಹಾಕು. ಬಿದ್ರ ಬೀಳಲಿ, ತಿದ್ದಿಕೊಂಡು ಮತ್ತ ಹೋಗೂಣು. ಅಲ್ಲಿ ಮೆತ್ತಗ ಹಾಕಿ ಪಾಸಾಗಿ, ಆಮೇಲೆ ಪಂದ್ಯದಾಗ ಇನ್ನೊಂದು ವರದಿ ಬಂತಂದ್ರ ವರ್ಷಗಟ್ಟಲೆ ಹೊರಗ ಕೂಡಿಸ್ತಾರ."

"ಮತ್ತೆ ಅಂದರೆ ಯಾವಾಗ ಸರ್? ಆಗ ನಾನು ಎಲ್ಲಿರ್ತೇನೆ? ಏಲೂರಿನಲ್ಲಿ ಗೇಟಿನ ಒಳಗೂ ಬಿಡುದಿಲ್ಲ."



ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ತಿರುವನಂತಪುರ ತಲುಪಿದೆವು. ಪರೀಕ್ಷೆಗೆ ತೋಳು, ಭುಜದ ಮೇಲೆ ಬಟ್ಟೆ ಇರಬಾರದು; ಅವನು ತಂದಿದ್ದ ಬನಿಯನ್‌ಗೆ ತೋಳಿತ್ತು. ಚಾಲೈ ಪೇಟೆಗೆ ಹೋದೆವು. ಗೋಣಿ ಹೊತ್ತವರಿಗೆ ದಾರಿ ಬಿಡುತ್ತ ಅಂಗಡಿ ಹುಡುಕಿದೆವು. ಅಂಗಡಿಯವರು ಅವನ ಭುಜ ನೋಡಿ, "ಬಾಡಿ ಬಿಲ್ಡರಾಣೋ?" ಎಂದು ಕೇಳಿದರು. "ಅಲ್ಲ ಚೇಟ್ಟಾ, ಕಲ್ಲು ಬಿಸಾಡುವವನು," ಎಂದು ಮಲಯಾಳದಲ್ಲಿ ಹೇಳಿ ನನ್ನತ್ತ ಕಣ್ಣು ಹೊಡೆದ. ಲಾಡ್ಜಿಗೆ ನಡೆಯುತ್ತ ತನ್ನ ಅಮ್ಮ ಮಾಡುವ ಪತ್ರೊಡೆಯ ಬಗ್ಗೆ ಹೇಳಿದ. ನಾನು ಜೋಳದ ರೊಟ್ಟಿಯ ಬಗ್ಗೆ ಹೇಳಿದೆ. ಬೌನ್ಸರ್ ವಿಷಯ ಇಬ್ಬರೂ ಎತ್ತಲಿಲ್ಲ.

ಲ್ಯಾಬ್ ಎಂದರೆ ಎತ್ತರದ ಸೂರಿನ ಒಂದು ಹಾಲ್. ಸುತ್ತಲೂ ಕಂಬಗಳ ಮೇಲೆ ಕ್ಯಾಮೆರಾಗಳು, ನಡುವೆ ಪಿಚ್‌ನ ಅಳತೆಯ ಸಿಂಥೆಟಿಕ್ ಹಾಸು, ಕೊನೆಗೆ ಬಲೆ. ಉದ್ದ ಸಾಲದೆ ಹಿಂದಿನ ಬಾಗಿಲುಗಳನ್ನು ಪೂರ್ತಿ ತೆರೆದಿದ್ದರು; ಬೌಲರ್ ಹೊರಗಿನ ಜಗಲಿಯಿಂದ ಓಡಿ ಬರಬೇಕು. ಹೊಸ್ತಿಲ ಮೇಲೆ ರಬ್ಬರ್ ಚಾಪೆ ಹಾಸಿದ್ದರು. ಮುಖ್ಯಸ್ಥೆ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು, ಮೆಲುಮಾತಿನವರು. ಅವರ ಸಹಾಯಕ ಹುಡುಗನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ ಭುಜ, ಮೊಣಕೈ, ಮಣಿಕಟ್ಟಿನ ಎರಡೂ ಬದಿಗೆ ಬೆಳ್ಳಿಬಣ್ಣದ ಪುಟ್ಟ ಗುಂಡುಗಳನ್ನು ಅಂಟಿಸಿದ. ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಆ ಗುಂಡುಗಳು ಮಾತ್ರ ಕಾಣುತ್ತವೆ. ಸೆಕೆಗೆ ಬೆವರಿ ಗುಂಡುಗಳು ಜಾರುತ್ತಿದ್ದವು. ಮತ್ತೆ ಒರೆಸಿ, ಮತ್ತೆ ಅಂಟಿಸಿ, ಟೇಪ್ ಸುತ್ತಬೇಕಾಯಿತು.

ಮಾಮೂಲಿ ಎಸೆತಗಳು ಮುಗಿದವು, ಯಾರ್ಕರ್‌ಗಳು ಮುಗಿದವು. ಎಲ್ಲವೂ ಜೋರಾಗಿದ್ದವು. ಆಮೇಲೆ ಬೌನ್ಸರ್ ಎಂದರು. ಅವನು ಜಗಲಿಗೆ ಹೋದ, ಓಡಿ ಬಂದ, ಚೆಂಡನ್ನು ಕುಟ್ಟಿದ. ಚೆಂಡು ಎದೆಯೆತ್ತರಕ್ಕೆ ಎದ್ದು ಬಲೆಗೆ ಬಿತ್ತು. ಇನ್ನೊಂದು. ಮತ್ತೊಂದು. ಹೊರಗಿನಿಂದ ನೋಡುವವರಿಗೆ ಅವು ಬೌನ್ಸರ್‌ಗಳೇ. ಓಟ ಅದೇ, ಜಿಗಿತ ಅದೇ. ಆದರೆ ಮುಂಗಾಲು ಊರಿದಾಗ ನೆಲ ಸದ್ದು ಮಾಡಲಿಲ್ಲ. ಚೆಂಡು ಬಿಟ್ಟ ಮೇಲೆ ದೇಹ ಅವನನ್ನು ಮುಂದಕ್ಕೆ ಎಳೆದುಕೊಂಡು ಹೋಗಲಿಲ್ಲ. ತಕ್ಷಣ ನೆಟ್ಟಗೆ ನಿಲ್ಲುತ್ತಿದ್ದ. "ಹುಂ" ಇರಲಿಲ್ಲ. ಆ ಎಸೆತಗಳನ್ನು ಅವನು ಹಾಕಿರಲಿಲ್ಲ. ಹಾಕಿದಂತೆ ಮಾಡಿದ್ದ.

ಮುಖ್ಯಸ್ಥೆ ಪರದೆಯ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದು ನನ್ನತ್ತ ಬಂದರು. ಇಂಗ್ಲಿಷ್ ಬೆರೆತ ಮಲಯಾಳದಲ್ಲಿ ಹೇಳಿದರು: "ಸಾರ್, ಕೋನವೇನೋ ಮಿತಿಯೊಳಗೇ ಇದೆ. ವೇಗ ಸ್ವಲ್ಪ ಕಡಿಮೆ ಕಾಣುತ್ತದೆ. ಆದರೆ ನನ್ನ ಹತ್ತಿರ ಇರುವ ಪಂದ್ಯದ ವಿಡಿಯೋ ದೂರದಿಂದ ತೆಗೆದದ್ದು, ಅದರ ಮೇಲೆ ಏನೂ ಹೇಳಲಾಗುವುದಿಲ್ಲ. ನೀವು ಇವನನ್ನು ವಾರ ವಾರವೂ ನೋಡುತ್ತೀರಿ. ಪಂದ್ಯದಲ್ಲಿ ಹಾಕುವ ಬೌನ್ಸರ್ ಇದೇನಾ?"

ಈ ಪ್ರಶ್ನೆಗೆ ತರಬೇತುದಾರ ಹೌದು ಎನ್ನುವುದು ವಾಡಿಕೆ. ಅವರಿಗೂ ಅದು ಗೊತ್ತಿದ್ದಿರಬೇಕು. ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡೇ ಕೇಳಿದ್ದರು.

ಅವನು ಹಾಸಿನ ಆಚೆ ತುದಿಯಲ್ಲಿ ಟವೆಲ್ ಹಿಡಿದು ನಿಂತಿದ್ದ. ನನ್ನನ್ನು ನೋಡಿದ. ಆ ಹಾಲ್‌ನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಬಾರದ ಭಾಷೆಯಲ್ಲಿ, ನೀರು ಕೇಳುವವನ ದನಿಯಲ್ಲಿ ಹೇಳಿದ:

"ಸರ್, ಹೌದು ಅಂತ ಹೇಳಿ. ಒಂದು ಹೌದು ಸಾಕು. ಇವರಿಗೆ ಎಂತದೂ ಗೊತ್ತಾಗುದಿಲ್ಲ."

ಹೌದು ಎಂದರೆ ಏನಾಗುತ್ತದೆಂದು ಯೋಚಿಸಿದೆ. ಶಿಬಿರ, ಬಹುಶಃ ತಂಡ, ಬಹುಶಃ ಒಂದು ಕೆಲಸ. ಅಥವಾ ತುಂಬಿದ ಮೈದಾನದಲ್ಲಿ, ತಂಡಕ್ಕೆ ವಿಕೆಟ್ ಬೇಕಾದ ಹೊತ್ತಿನಲ್ಲಿ ಅವನು ನಿಜವಾದ ಬೌನ್ಸರ್ ಹಾಕಿಯೇ ಹಾಕುತ್ತಾನೆ, ಅಂಪೈರ್ ನೋಬಾಲ್ ಎಂದು ಕೈ ಚಾಚುತ್ತಾರೆ. ಎರಡೂ ಆಗಬಹುದಿತ್ತು. ಇಲ್ಲ ಎಂದರೆ ಏನಾಗುತ್ತದೆಂದೂ ಯೋಚಿಸಿದೆ. ಅದರಲ್ಲಿ ಎರಡು ಸಾಧ್ಯತೆ ಕಾಣಲಿಲ್ಲ.

"ಸಾರ್?" ಎಂದರು ಮುಖ್ಯಸ್ಥೆ.

"ಅಲ್ಲ," ಎಂದೆ. "ಇದು ಅವನ ಬೌನ್ಸರ್ ಅಲ್ಲ. ಅವನದು ಇದಕ್ಕಿಂತ ಜೋರು."

ಅವರು ಆಶ್ಚರ್ಯ ತೋರಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ಹಾಗಾದರೆ ಇನ್ನೊಮ್ಮೆ ಹಾಕಿಸೋಣ," ಎಂದು ಅವನತ್ತ ತಿರುಗಿ ಮೃದುವಾಗಿಯೇ ಹೇಳಿದರು.

ಅವನು ಟವೆಲನ್ನು ನೆಲಕ್ಕೆ ಎಸೆಯಬಹುದೆಂದು ನಾನು ಎಣಿಸಿದ್ದೆ. ಹಾಗೆ ಮಾಡಲಿಲ್ಲ. ಮಡಚಿ ಕುರ್ಚಿಯ ಮೇಲಿಟ್ಟ. ಜಗಲಿಗೆ ಹೋದ. ನನಗೆ ಅಲ್ಲಿಂದ ಅವನು ಕಾಣಲಿಲ್ಲ, ಓಟದ ಸದ್ದು ಮಾತ್ರ ಕೇಳಿಸಿತು; ರಬ್ಬರ್ ಚಾಪೆಯ ಮೇಲೆ ಬಂದಾಗ ಆ ಸದ್ದು ಬದಲಾಯಿತು. ಮುಂಗಾಲು ಬಿತ್ತು. ಕಾಲ ಕೆಳಗೆ ನೆಲ ಅದುರಿದ್ದು ನನ್ನ ಕುರ್ಚಿಗೆ ತಿಳಿಯಿತು. "ಹುಂ." ಚೆಂಡು ತಲೆಯೆತ್ತರಕ್ಕೆ ಎದ್ದು ಬಲೆಯ ಮೇಲಂಚಿಗೆ ಬಡಿಯಿತು. ಅವನನ್ನು ದೇಹ ಹಾಸಿನ ಅರ್ಧದವರೆಗೆ ಎಳೆದುಕೊಂಡು ಹೋಯಿತು. ಸಹಾಯಕ ಬಾಯಿ ತೆರೆದು ನಿಂತಿದ್ದ.

ಮೊಣಕೈಯ ಒಂದು ಗುಂಡು ಹಾರಿಹೋಗಿತ್ತು. ಆ ಎಸೆತ ಲೆಕ್ಕಕ್ಕಿಲ್ಲ ಎಂದರು. ಅದನ್ನು ಹುಡುಕಿ, ಚರ್ಮ ಒರೆಸಿ, ಅಂಟಿಸುವವರೆಗೆ ಅವನು ಕೈ ಚಾಚಿಕೊಂಡು ಗೋಡೆ ನೋಡುತ್ತ ನಿಂತಿದ್ದ. ಮತ್ತೆ ಹೋದ. ಮತ್ತೆ ಅಷ್ಟೇ ಜೋರಾಗಿ ಹಾಕಿದ. ಸಾಕು ಎನ್ನುವವರೆಗೂ ಹಾಕಿದ; ಒಂದನ್ನೂ ಕಡಿಮೆ ಮಾಡಲಿಲ್ಲ. ನಾನು ಕಂಡ ಅವನ ಎಸೆತಗಳಲ್ಲಿ ಅವೇ ಅತ್ಯಂತ ವೇಗದವು.

ಪರದೆಯ ಮೇಲೆ ಅವನ ಕೈ ಎರಡು ಗೆರೆಗಳಾಗಿ ಬಂತು. ಭುಜದಿಂದ ಮೊಣಕೈಗೊಂದು, ಮೊಣಕೈಯಿಂದ ಮಣಿಕಟ್ಟಿಗೊಂದು. ಮುಖ್ಯಸ್ಥೆ ಅದನ್ನು ನಿಧಾನವಾಗಿ ತಿರುಗಿಸಿದರು. ಗೆರೆಗಳು ಮೇಲೇರಿದವು, ತೆರೆದುಕೊಂಡವು. ನಾವಿಬ್ಬರೂ ಹಿಂದೆ ನಿಂತು ನೋಡಿದೆವು. "ಅಂಕಿ ವರದಿಯಲ್ಲಿ ಬರುತ್ತದೆ," ಎಂದರು. "ಆದರೆ ಬೌನ್ಸರ್ ಮಿತಿ ದಾಟಿದೆ, ಅದನ್ನು ಈಗಲೇ ಹೇಳುವುದು ಒಳ್ಳೆಯದು. ಬೇರೆ ಎಲ್ಲವೂ ಸರಿಯಾಗಿವೆ. ಬೌನ್ಸರ್ ಬಿಟ್ಟು ಬೌಲ್ ಮಾಡಬಹುದು. ತಿದ್ದಿಕೊಂಡು ಬಂದರೆ ಮತ್ತೆ ಅಳೆಯುತ್ತೇವೆ."

ಕೇಳಲು ಅದು ದೊಡ್ಡ ಶಿಕ್ಷೆಯಲ್ಲ. ಆದರೆ ಬೌನ್ಸರ್ ಹಾಕುವಂತಿಲ್ಲ ಎಂದು ಗೊತ್ತಾದ ದಿನ ಪ್ರತಿ ಬ್ಯಾಟ್ಸ್‌ಮನ್ನೂ ಧೈರ್ಯವಾಗಿ ಮುಂಗಾಲು ಮುಂದಿಡುತ್ತಾನೆ. ಶಿಬಿರಕ್ಕೆ ಅವನನ್ನು ಕರೆದದ್ದೇ ಆ ಚೆಂಡಿಗಾಗಿ. ಅವನು "ಥ್ಯಾಂಕ್ಯೂ ಮೇಡಂ" ಎಂದ. ಗುಂಡುಗಳನ್ನು ತಾನೇ ಒಂದೊಂದಾಗಿ ಕಿತ್ತು ಸಹಾಯಕನ ಅಂಗೈಗೆ ಹಾಕಿದ.

ನಾನು ಹೌದು ಎಂದಿದ್ದರೆ ಅವನ ಮೊಣಕೈಯನ್ನು ಅಂಪೈರುಗಳು ಮತ್ತೆ ಗಮನಿಸುತ್ತಿದ್ದರೇ ಎಂಬುದು ನನಗೆ ಗೊತ್ತಿಲ್ಲ. ಗಮನಿಸದೆಯೂ ಇರಬಹುದಿತ್ತು. ಕೆಲವರು ಇಡೀ ಜೀವನ ಹಾಗೇ ಆಡಿ ಹೋಗುತ್ತಾರೆ. ಕೆಲವು ದಿನಗಳ ಮೇಲೆ ಶಿಬಿರದ ಪಟ್ಟಿ ಬಂತು. ಅವನ ಹೆಸರಿನ ಜಾಗದಲ್ಲಿ ಬೇರೆ ಹೆಸರಿತ್ತು. ನಾನು ಮಾಡಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ, ಕಂಡದ್ದನ್ನು ಹೇಳಿದೆ ಎಂದಷ್ಟೇ ಹೇಳಬಲ್ಲೆ. ಯಾರೂ ಕೇಳಿಲ್ಲ.

ಆ ದಿನ ಮಧ್ಯಾಹ್ನದ ರೈಲಿಗೆ ಹೊರಟೆವು. ಅವನು ನನ್ನ ಎದುರು ಕುಳಿತ. ಜಾಗ ಬದಲಿಸಲಿಲ್ಲ, ಮುಖ ತಿರುಗಿಸಲಿಲ್ಲ. ಕೊಲ್ಲಂ ದಾಟುವವರೆಗೆ ಇಬ್ಬರೂ ಕಿಟಕಿ ನೋಡಿದೆವು. ಚಹಾದವನು ಬಂದಾಗ ಅವನೇ ಮೊದಲು ಮಾತಾಡಿದ.

"ಚಾಯ ವೇಣೋ, ಸಾರೇ?"

ಚಹಾ ಬೇಕೇ ಎಂದು ಅವನು ನನ್ನನ್ನು ಎಷ್ಟೋ ಸಲ ಕೇಳಿದ್ದ. ಹೀಗೆ ಕೇಳಿರಲಿಲ್ಲ. ಬಾಯಿ ತಪ್ಪಿ ಬಂದಿರಬೇಕು ಎಂದುಕೊಂಡೆ.

"ಬ್ಯಾಡಪಾ," ಎಂದೆ. "ನೀ ಏನರ ತಿನ್ನು. ಬೆಳಿಗ್ಗಿಂದ ಏನೂ ತಿಂದಿಲ್ಲ."

"ವಿಶಪ್ಪಿಲ್ಲ," ಎಂದ. ಹಸಿವಿಲ್ಲ. ನಗುತ್ತಲೇ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ರೈಲಿನಲ್ಲಿ ಎದುರು ಸಿಕ್ಕ ಹಿರಿಯರೊಬ್ಬರ ಜೊತೆ ಮಾತಾಡುವ ಮರ್ಯಾದೆ ಇತ್ತು.

ಆಲಪ್ಪುಳದ ಹತ್ತಿರ ಇನ್ನೊಮ್ಮೆ ಪ್ರಯತ್ನಿಸಿದೆ. "ಎಡಗೈ ಇನ್ನೊಂದೀಟು ಮ್ಯಾಲ ನಿಂತ್ರ ಸಾಕು. ಹೊರಗ ಪೂರ್ತಿ ಓಟದಾಗ ಶುರು ಮಾಡೂಣು. ಭಾನುವಾರ ಬಾ." ಅವನು ಗಮನವಿಟ್ಟು ಕೇಳಿದ, ತಲೆಯಾಡಿಸಿದ, ಕೆಲಸವಿಲ್ಲದಿದ್ದರೆ ನೋಡುತ್ತೇನೆ ಎಂದ. ಅದನ್ನೂ ಮಲಯಾಳದಲ್ಲೇ ಹೇಳಿದ. ಅವನ ಮಲಯಾಳ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅಲ್ಲಿಯವರೆಗೆ ನಾನದನ್ನು ಗಮನವಿಟ್ಟು ಕೇಳಿರಲೇ ಇಲ್ಲ.

ಎರ್ನಾಕುಳಂನಲ್ಲಿ ಇಳಿದು ಮೆಟ್ರೋ ಹತ್ತಿದೆವು. ಅವನು ಕಳಮಶ್ಶೇರಿಯವರೆಗೆ ಹೋಗಬೇಕು. ನನ್ನದು ಅದಕ್ಕೂ ಮೊದಲು, ಎಡಪ್ಪಳ್ಳಿ. ಬೋಗಿಯಲ್ಲಿ ಕಚೇರಿ ಬಿಟ್ಟು ಮನೆಗೆ ಹೋಗುವ ಜನ. ಇಬ್ಬರಿಗೂ ಒಂದೇ ಕಂಬ ಹಿಡಿದು ನಿಲ್ಲಲು ಜಾಗ ಸಿಕ್ಕಿತು. ಬನಿಯನ್ ಮೇಲೆ ಹಾಕಿದ್ದ ಅಂಗಿಯ ತೋಳು ಮೇಲೆ ಸರಿದು, ಟೇಪಿನ ಅಂಟು ಅವನ ಮೊಣಕೈ ಸುತ್ತ ಕಪ್ಪಗೆ ಕೂತಿತ್ತು.

ನನ್ನ ನಿಲ್ದಾಣ ಬಂತು. ಅವನು ನನ್ನ ಚೀಲ ತೆಗೆದುಕೊಂಡು ಜನರ ನಡುವೆ ದಾರಿ ಮಾಡಿ ಬಾಗಿಲವರೆಗೆ ಬಂದ. ಇಳಿಯುವಾಗ ನನ್ನ ಎಡಗಾಲು ತಡವರಿಸುವುದು ಅವನಿಗೆ ಗೊತ್ತು. ತೋಳು ಹಿಡಿದುಕೊಂಡು, "ಸೂಕ್ಷಿಚ್ಚ್, ಸಾರೇ," ಎಂದ. ಹುಷಾರು.

ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟು ತಿರುಗಿದೆ. ಕನ್ನಡದಲ್ಲಿ ಏನಾದರೂ ಹೇಳಬೇಕೆಂದಿದ್ದೆ. ಮಾತು ಸಿದ್ಧವಾಗಿಯೂ ಇತ್ತು. ಅವನು ಕಾಯುತ್ತಿದ್ದ.

"ಶರಿ, ಮೋನೇ," ಎಂದೆ, ನಾನೂ ಮಲಯಾಳದಲ್ಲಿ. ಸರಿ, ಮಗನೇ.